ಬೀಗ ಹಾಕಿದ ಕೋವಿ

ಇಂಥ ಮಾತು ಶುರುವಾದರೆ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುವವಳು ನಾನು. ಸತ್ತವರು ಬಂದು ಬಾಗಿಲಲ್ಲಿ ನಿಂತಿದ್ದರು, ಹಚ್ಚಿದ ದೀಪ ತಾನಾಗಿ ಆರಿತು ಎಂದು ಯಾರಾದರೂ ಹೇಳಿದರೆ ಅವರ ದುಃಖಕ್ಕೆ ಮರುಗುತ್ತಿದ್ದೆ, ಮಾತನ್ನು ನಂಬುತ್ತಿರಲಿಲ್ಲ. ಈಗ ಅಂಥದೇ ಒಂದು ಸಂಗತಿಯನ್ನು ನಾನೇ ಬರೆಯಲು ಕೂತಿದ್ದೇನೆ. ಓದುವವರು ನನ್ನ ಹಾಗೆಯೇ ಎದ್ದು ಹೋದರೆ ಬೇಸರವಿಲ್ಲ.

ನಾನು ಧಾರವಾಡದವಳು. ನಮ್ಮ ಮನೆಯವರು ಕೊಡಗಿನವರು. ಮದುವೆಯಾಗಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ಗೆ ಬಂದ ಮೇಲೆ ನಮ್ಮಿಬ್ಬರ ನಡುವೆ ಕನ್ನಡವೇ ಮನೆಮಾತಾಯಿತು. ಅವರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್, ನಾನು ಪಕ್ಕದ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಊರಿನಿಂದ ಅವರು ತಂದ ಹಂಬಲ ಒಂದೇ, ಕೋವಿ. ಮನೆಯಲ್ಲಿ ಕೋವಿಯಿಲ್ಲದ ಕೊಡವ ಎಂದರೆ ಅವರಿಗೆ ಏನೋ ಕಳೆದುಕೊಂಡವನ ಲೆಕ್ಕ. ಇಲ್ಲಿ ಲೈಸೆನ್ಸ್ ಸಿಗುವುದು ಸುಲಭವಲ್ಲ. ಮನೆವೈದ್ಯರ ಪತ್ರ ಬೇಕು, ಸಾಕ್ಷಿ ಬೇಕು, ಪೊಲೀಸ್ ಇಲಾಖೆಯಲ್ಲಿ ಕೋವಿಗಳ ಲೈಸೆನ್ಸ್ ನೋಡಿಕೊಳ್ಳುವ ವಿಭಾಗದಿಂದ ಒಬ್ಬರು ಮನೆಗೆ ಬಂದು ಎಲ್ಲವನ್ನೂ ಪರೀಕ್ಷಿಸಬೇಕು. ಇಷ್ಟೆಲ್ಲ ಆಗಿ ಒಂದು ಜೋಡು ನಳಿಗೆಯ ಕೋವಿ ನಮ್ಮ ಮೆಟ್ಟಿಲ ಕೆಳಗಿನ ಗೋಡೆಗೆ ಬಿಗಿದ ಉಕ್ಕಿನ ಬೀರುವಿನೊಳಗೆ ಬಂದು ನಿಂತಿತು. ಭಾನುವಾರ ಊರಾಚೆಯ ಹೊಲವೊಂದರಲ್ಲಿ, ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಕ್ಲಬ್ಬಿಗೆ ಅದನ್ನು ಒಯ್ಯುತ್ತಿದ್ದರು. ಕೊಡವರು ಆಯುಧ ಪೂಜಿಸುವ ಕೈಲ್ ಮುಹೂರ್ತದ ದಿನ ಅದನ್ನು ಒರೆಸಿ, ತೋಟದ ಹೂವೊಂದನ್ನು ನಳಿಗೆಗೆ ಸಿಕ್ಕಿಸಿ ಕೈಮುಗಿಯುತ್ತಿದ್ದರು.

ಆ ಬೀರುವಿನ ಕೀಲಿಕೈ ಎಲ್ಲಿದೆ ಎಂಬುದು ಲೈಸೆನ್ಸ್ ಇದ್ದವರಿಗೆ ಮಾತ್ರ ಗೊತ್ತಿರಬೇಕು, ಹೆಂಡತಿಗೂ ತಿಳಿಯಬಾರದು. ಲೈಸೆನ್ಸ್ ನವೀಕರಿಸುವಾಗಲೆಲ್ಲ ಬರುತ್ತಿದ್ದ ಅಧಿಕಾರಿ ನನ್ನನ್ನೇ ಬೇರೆಯಾಗಿ ಕೇಳುತ್ತಿದ್ದರು, "ಕೀಲಿಕೈ ಎಲ್ಲಿದೆ ಮೇಡಂ?" ಎಂದು. "ಗೊತ್ತಿಲ್ಲ" ಎಂದರೆ ನಕ್ಕು, "ಅದೇ ಸರಿಯಾದ ಉತ್ತರ" ಎನ್ನುತ್ತಿದ್ದರು. ಚಕ್ಕುಲಿ ಕೊಟ್ಟರೆ ಎರಡನೇ ಸಲ ಕೈಚಾಚುವ ಮನುಷ್ಯ. ನಾವು ಮನೆಯಲ್ಲಿ ಅವರಿಗೆ ಕೋವಿ ಸಾಹೇಬ್ರು ಎಂದೇ ಹೆಸರಿಟ್ಟಿದ್ದೆವು.

ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು ಎರಡು. ಆ ಸದ್ದು ಕೇಳಿದ ನೆರೆಹೊರೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರಂತೆ. ಇದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದರು. ಶ್ವಾಸಕೋಶದ ಕಾಯಿಲೆ ಕೊನೆಯ ಹಂತಕ್ಕೆ ಬಂದು ಆಸ್ಪತ್ರೆ ಸೇರಿದಾಗ, ಒಂದು ಸಂಜೆ ನನ್ನ ಕೈ ಹಿಡಿದು ಕೇಳಿದರು.

"ಏ ಧಾರವಾಡದವಳೇ, ನಾನು ಹೋದ್ಮೇಲೆ ಎರಡು ಗುಂಡು ಹೊಡೆಸ್ತೀಯಾ?"

"ಹಂಗೆಲ್ಲಾ ಮಾತಾಡಬ್ಯಾಡ್ರಿ. ಇದೇನು ಮಡಿಕೇರಿ ಅಲ್ಲ. ಇಲ್ಲೆ ಗುಂಡು ಹೊಡದ್ರ ಪೊಲೀಸ್ರು ಬಂದು ನನ್ನ ಎಳಕೊಂಡು ಹೋಗ್ತಾರ."

"ಹೋಗ್ಲಿ ಬಿಡು. ಎರಡು ದಿನ ಅಡುಗೆ ತಪ್ಪುತ್ತೆ ನಿಂಗೆ."

ಇಬ್ಬರೂ ನಕ್ಕೆವು. ನಗುತ್ತ ಅವರಿಗೆ ಕೆಮ್ಮು ಬಂತು. ಆಮೇಲೆ ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ತಮಾಷೆಗೆ ಕೇಳಿದ್ದಲ್ಲ ಎಂದು ನನಗೆ ಆಗಲೇ ಗೊತ್ತಿತ್ತು.

ಅದಾಗಿ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ, ಅವರಿಗೆ ಗಂಜಿ ಮಾಡಿ ತರೋಣವೆಂದು ಬಸ್ಸು ಹತ್ತಿ ಮನೆಗೆ ಬಂದೆ. ಬೆಳಿಗ್ಗೆ ಚೆನ್ನಾಗಿಯೇ ಮಾತಾಡಿದ್ದರು, ಆಸ್ಪತ್ರೆಯ ಊಟವನ್ನು ಬೈದಿದ್ದರು. ಒಲೆಯ ಮುಂದೆ ನಿಂತಿದ್ದೆ. ರೇಡಿಯೋ ಹಾಕಿರಲಿಲ್ಲ, ಹೊರಗೆ ಗಾಳಿಯೂ ಇರಲಿಲ್ಲ. ಅಷ್ಟರಲ್ಲಿ ಮುಂಬಾಗಿಲನ್ನು ಯಾರೋ ಗುದ್ದತೊಡಗಿದರು. ತೆರೆದರೆ ಪಕ್ಕದ ಮನೆಯ ಜೀನ್, ಎಂಬತ್ತರ ಹತ್ತಿರದ ಮುದುಕಿ, ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದಿದ್ದಳು. ಮುಖ ಬಿಳಿಚಿತ್ತು.

"ನಿನಗೇನೂ ಆಗಿಲ್ಲ ತಾನೇ, ಮಗೂ? ನಿಮ್ಮ ಮನೆಯಿಂದ ಎರಡು ಸಲ ಢಂ ಅಂತು. ನಮ್ಮ ಗೋಡೆ ಅದುರಿತು. ನಾನು ಪೊಲೀಸರಿಗೆ ಫೋನ್ ಮಾಡಿಬಿಟ್ಟೆ."

"ಇಲ್ಲವಲ್ಲ ಜೀನ್, ನಾನು ಇಲ್ಲೇ ಇದ್ದೇನೆ, ಯಾವ ಸದ್ದೂ ಆಗಲಿಲ್ಲ" ಎಂದೆ. ಎದುರುಮನೆಯವನು ಕಾರು ತೊಳೆಯುವುದನ್ನು ಬಿಟ್ಟು ಪೈಪು ಹಿಡಿದುಕೊಂಡೇ ರಸ್ತೆ ದಾಟಿ ಬಂದಿದ್ದ. ಇನ್ನೂ ಇಬ್ಬರು ಗೇಟಿನ ಹತ್ತಿರ ನಿಂತಿದ್ದರು. ಅಷ್ಟು ವರ್ಷಗಳಲ್ಲಿ ನಮ್ಮ ಬಾಗಿಲಿಗೆ ಒಟ್ಟಿಗೆ ಅಷ್ಟು ಜನ ಬಂದದ್ದು ಅದೇ ಮೊದಲು. ಆಗಲೇ ಒಳಗೆ ಫೋನು ಬಡಿದುಕೊಂಡಿತು. ವಾರ್ಡಿನ ಸಿಸ್ಟರ್. ನಮ್ಮವರು ಈಗ ತಾನೇ ಹೋದರು ಎಂದು ಹೇಳಿದಳು.

ಎದುರುಮನೆಯವನು ಒದ್ದೆ ಬಟ್ಟೆಯಲ್ಲೇ ನನ್ನನ್ನು ಕಾರಿನಲ್ಲಿ ಆಸ್ಪತ್ರೆಗೆ ಬಿಟ್ಟ. ಜೀನ್ ಒಲೆ ಆರಿಸಿ, ಬಂದ ಪೊಲೀಸರನ್ನು ತಾನೇ ಒಳಗೆ ಕರೆದು ಮನೆಯೆಲ್ಲ ತೋರಿಸಿದಳಂತೆ. ಅವರಿಗೆ ಏನೂ ಕಾಣಲಿಲ್ಲ. ಆದರೆ ಆ ವಿಳಾಸದಲ್ಲಿ ಕೋವಿಯಿದೆ ಎಂಬುದು ಅವರ ದಾಖಲೆಯಲ್ಲಿತ್ತು.

ಮರುದಿನ ಕೋವಿ ಸಾಹೇಬ್ರು ಬಂದರು. ಕುರ್ಚಿಯ ತುದಿಯಲ್ಲಿ ಕೂತು ಎಂದಿನ ಪ್ರಶ್ನೆಯನ್ನೇ ಕೇಳಿದರು. ನಾನು ಎಂದಿನ ಉತ್ತರವನ್ನೇ ಕೊಟ್ಟೆ. ಈ ಸಲ ಅವರು ನಗಲಿಲ್ಲ. ಕೀಲಿಕೈಯ ಜಾಗ ನಮ್ಮವರೊಂದಿಗೇ ಹೋಗಿತ್ತು. ಬೀಗ ಒಡೆಯುವವನನ್ನು ಕರೆಸಿದರು. ಉಕ್ಕು ಕೊರೆಯುವ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡು ಕೂತಿದ್ದೆ.

ಸಾಹೇಬ್ರು ಕೋವಿಯನ್ನು ನಡುವಿನ ಕೀಲಿನಲ್ಲಿ ಮಡಿಚಿ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರು. ಮೂಗಿನ ಹತ್ತಿರ ಹಿಡಿದರು. ಒಳಗೆ ಎಣ್ಣೆ ಸವರಿದ್ದು ಹಾಗೇ ಇತ್ತು. ಗುಂಡಿನ ತೋಟೆಗಳ ಪೆಟ್ಟಿಗೆ ತೆರೆದೇ ಇರಲಿಲ್ಲ. "ಇದು ಹಾರಿ ವರ್ಷವೇ ಆಗಿರಬೇಕು" ಎಂದರು. "ಪಕ್ಕದವರು ಕೇಳಿದ್ದು ಬೇರೇನೋ. ನೀವೇನು ಕೇಳಿದಿರಿ?"

"ನನಗೆ ಏನೂ ಕೇಳಿಸಲಿಲ್ಲ."

ಆಮೇಲೆ ಯಾಕೋ ತಡೆಯಲಾಗದೆ ಅವರಿಗೆ ಎಲ್ಲವನ್ನೂ ಹೇಳಿದೆ, ಕೊಡಗಿನ ಪದ್ಧತಿ, ನಮ್ಮವರು ಕೇಳಿದ್ದು, ನಾನು ಪೊಲೀಸರ ಹೆದರಿಕೆ ಹೇಳಿದ್ದು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ನಮ್ಮನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತಲ್ಲ ಮೇಡಂ" ಎಂದರು. "ಅವರ ಕ್ಲಬ್ಬಿನ ಹೊಲದಲ್ಲಿ, ಲೈಸೆನ್ಸ್ ಇರುವ ಗೆಳೆಯರೊಬ್ಬರು ಹಾರಿಸಿದರೆ ಯಾವ ತೊಂದರೆಯೂ ಇರಲಿಲ್ಲ. ಅಲ್ಲಿ ಭಾನುವಾರ ನೂರಾರು ಹಾರುತ್ತವೆ. ಈಗಲೂ ಹಾರಿಸಬಹುದು, ಬೇಕಿದ್ದರೆ ನಾನೇ ಕ್ಲಬ್ಬಿಗೆ ಹೇಳುತ್ತೇನೆ."

ಅಷ್ಟು ಸುಲಭವಿತ್ತು. ಅವರು ಕೈ ಹಿಡಿದು ಕೇಳಿದ ಸಂಜೆ, "ವಿಚಾರಿಸಿ ನೋಡ್ತೀನಿ ರೀ" ಎಂದು ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಅವರು ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದರೋ ಏನೋ. ಆಗುವುದಿಲ್ಲ ಎಂದು ತಿಳಿದುಕೊಂಡೇ ಅವರು ಹೋದರು.

ಕೋವಿ ಸಾಹೇಬ್ರು ಕೋವಿಯನ್ನು ಚೀಲದಲ್ಲಿಟ್ಟು ತೆಗೆದುಕೊಂಡು ಹೋದರು. ಅಂತ್ಯಕ್ರಿಯೆಯಾದ ಮೇಲಿನ ಭಾನುವಾರ ಕ್ಲಬ್ಬಿನ ಗೆಳೆಯರು ಟೋಪಿ ತೆಗೆದು ನಿಂತು ಎರಡು ಗುಂಡು ಹಾರಿಸಿದರು. ನಾನೂ, ಸುದ್ದಿ ತಿಳಿದು ದೂರದ ಊರಿನಿಂದ ಬಂದಿದ್ದ ನಮ್ಮ ಮಗಳೂ ಪಕ್ಕದಲ್ಲೇ ನಿಂತಿದ್ದೆವು. ಮಗಳು ನನ್ನ ತೋಳು ಹಿಡಿದು ಅತ್ತಳು. ನನಗೆ ಮಾತ್ರ ಅದು ತಡವಾಗಿ ತಲುಪಿದ ಊಟದ ಹಾಗೆ ಕಂಡಿತು.

ಇದು ನಡೆದು ವರ್ಷಗಳಾದವು. ಜೀನ್ ಈಗಿಲ್ಲ. ಇರುವವರೆಗೂ ಅವಳ ಮಾತು ಬದಲಾಗಲಿಲ್ಲ. ಎದುರುಮನೆಯವನನ್ನು, ಗೇಟಿನ ಹತ್ತಿರ ನಿಂತಿದ್ದವರನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ. ಎಲ್ಲರೂ ಹೇಳುವುದು ಒಂದೇ, ಎರಡು, ಒಂದರ ಹಿಂದೆ ಒಂದು, ನಿಮ್ಮ ಮನೆಯಿಂದಲೇ. ಯಾವುದೋ ಕಾರಿನ ಸದ್ದಿರಬಹುದು ಎಂದು ಮಗಳು ಹೇಳುತ್ತಾಳೆ. ಇರಬಹುದು. ಕಾರಿನ ಸದ್ದಾದರೂ, ಮೆಟ್ಟಿಲ ಪಕ್ಕದ ಅಡುಗೆಮನೆಯಲ್ಲಿದ್ದ ನನಗೆ ಅದೇಕೆ ಕೇಳಿಸಲಿಲ್ಲ ಎಂದರೆ ಅವಳು ಮಾತು ಬದಲಿಸುತ್ತಾಳೆ.

ಒಮ್ಮೆ ಕೊಡಗಿನಲ್ಲಿರುವ ಅವರ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರಿಗೆ ಅಚ್ಚರಿಯೇ ಆಗಲಿಲ್ಲ. "ಗುಂಡು ಹಾರಿಸೋದು ಊರವರಿಗೆ ತಿಳೀಲಿ ಅಂತ ಅಲ್ವಾ? ಮನೆಯವರಿಗೆ ಯಾಕೆ ಕೇಳಿಸ್ಬೇಕು? ಮನೆಯವರು ಪಕ್ಕದಲ್ಲೇ ಇರ್ತಾರಲ್ಲ" ಎಂದರು.

ಅವರು ಸಮಾಧಾನಕ್ಕೆಂದೇ ಹೇಳಿದ್ದು. ನಾನು ಹೂಂ ಎಂದು ಫೋನಿಟ್ಟೆ. ಪಕ್ಕದಲ್ಲಿ ನಾನು ಇರಲಿಲ್ಲ.