ದೊಡ್ಡಮ್ಮನ ಮಣಿಕಟ್ಟು, ನನ್ನ ಬಲಗಾಲು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಅಂಥವರ ಕಾಲು ತಾಗಿದರೆ ಉಳುಕು ಬಿಡುತ್ತದೆಂದು ನಮ್ಮ ಮೇಗುಂದದ ಕಡೆ ನಂಬಿಕೆ. ಓದಿನಲ್ಲಿ ಹಿಂದೆ, ಕೆಲಸದಲ್ಲಿ ಅದಕ್ಕಿಂತ ಹಿಂದೆ ಇದ್ದ ನನಗೆ ಊರು ಕೊಟ್ಟ ಪದವಿ ಇದೊಂದೇ. ನಾನು ಹಲ್ಲುಜ್ಜುವ ಮೊದಲೇ ಯಾರಾದರೂ ಸೊಂಟ ಹಿಡಿದುಕೊಂಡು ಜಗುಲಿಯಲ್ಲಿ ಕೂತಿರುತ್ತಿದ್ದರು. ಬಲಗಾಲಿನಿಂದ ಮೂರು ಸಲ ನೀವಿದರೆ ಮುಗಿಯಿತು; ನಾಲ್ಕು ದಿನದಲ್ಲಿ ಗುಣ. ಸುಮ್ಮನೆ ಮಲಗಿದ್ದರೂ ಗುಣವಾಗುತ್ತಿತ್ತು ಎಂಬುದು ನನಗೆ ಹೊಳೆದಿರಲಿಲ್ಲ.

ಹೋದ ವರ್ಷ ಅಡಿಕೆ ಸುಲಿಯುವ ಕೆಲಸ ಶುರುವಾಗುವ ವಾರ ಪಕ್ಕದ ಮನೆಯ ದೊಡ್ಡಮ್ಮ ಅಂಗಳದಲ್ಲಿ ಜಾರಿ, ಬಲಗೈ ಊರಿ ಬಿದ್ದರು. ಸುಲಿಯುವುದರಲ್ಲಿ ಆ ಕೈಗೆ ಸಾಟಿಯಿಲ್ಲ. ಅದು ಹೋದರೆ ಅವರಿಗೆ ಅರ್ಧ ಜೀವ ಹೋದ ಹಾಗೆ.

"ಆಸ್ಪತ್ರೆ ಎಂತಕ್ಕೆ? ನಿನ್ ಕಾಲಿದ್ಯಲ್ಲ ಮಾರಾಯ," ಎಂದರು.

ಹಿರಿಯರಿಗೆ ಕಾಲು ತಾಗಿಸಬಾರದು. ಅದಕ್ಕೂ ಉಪಾಯವಿತ್ತು: ನೀವಿದ ಮೇಲೆ ಅವರ ಕಾಲಿಗೆ ಬೀಳುವುದು. ಮೂರು ದಿನ ನೀವಿದೆ, ಬಿದ್ದೆ. ಅವರು ಹಲ್ಲು ಕಚ್ಚಿಕೊಂಡೇ ಹರಸಿದರು. ಮಣಿಕಟ್ಟು ಬಾಳೆದಿಂಡಿನಂತೆ ಊದಿತು. "ಉಳುಕು ಹೊರಗೆ ಬರ್ತಾ ಇದೆ" ಎಂದೆ. ಆ ಮಾತು ನನಗೆ ಯಾವ ಹಿರಿಯರೂ ಕಲಿಸಿದ್ದಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿತು. ಬೆರಳಿಗೆಲ್ಲ ಜೋಮು. ಆಟೋ ಹತ್ತಿಸಿ ಕೊಪ್ಪಕ್ಕೆ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇ ನೋಡಿದರು.

"ಮೂಳೆ ಮುರಿದಿದೆ. ಇದನ್ನ ತಿಕ್ಕಿದ್ದು ಯಾರು?"

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ಇವ್ನೇ ಡಾಕ್ಟ್ರೇ, ಕಾಲಲ್ಲಿ," ಎಂದರು ದೊಡ್ಡಮ್ಮ. "ಆದ್ರೆ ಪಾಪ, ಚಪ್ಪಲಿ ಬಿಚ್ಚಿದ್ದ."

ಡಾಕ್ಟರು ನಗಲಿಲ್ಲ. "ಮೂಳೆ ಕೂರಿಸಿ ಪ್ಲಾಸ್ಟರ್ ಹಾಕ್ತೀನಿ. ಮೊದಲಿನ ಹಾಗೆ ಆಗುತ್ತೆ ಅಂತ ಮಾತು ಕೊಡಲ್ಲ."

ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ಕೈ ಒಣಕಡ್ಡಿ, ಮುಷ್ಟಿ ಕಟ್ಟಲಾಗಲಿಲ್ಲ. ದಿನವೂ ಒದ್ದೆ ಬಟ್ಟೆ ಹಿಂಡಿ ಅಭ್ಯಾಸ ಮಾಡಬೇಕೆಂದರು ಡಾಕ್ಟರು. ಪ್ರತಿ ಬೆಳಗ್ಗೆ ಮೈ ಒರೆಸುವ ಬೈರಾಸು ನೆನೆಸಿಕೊಂಡು ಹೋಗುವ ಕೆಲಸ ನನ್ನದಾಯಿತು. ಮೊದಲ ವಾರ ಒಂದು ಹನಿಯೂ ಬೀಳಲಿಲ್ಲ. ಅವರು ಅದನ್ನು ಹಾಗೇ ಮಡಚಿ ನನ್ನ ಕೈಗೆ ಕೊಡುತ್ತಿದ್ದರು, ಬೈದಿದ್ದರೆ ಒಳ್ಳೆಯದಿತ್ತು. ನಮ್ಮ ಜಗುಲಿಗೆ ಬಂದವರನ್ನೆಲ್ಲ ನಾನು ಕೊಪ್ಪಕ್ಕೆ ಅಟ್ಟತೊಡಗಿದೆ. "ಸೊಕ್ಕು ಬಂದಿದೆ ಇವನಿಗೆ" ಎಂದು ಬೈದುಕೊಂಡೇ ಅವರು ಬಸ್ಸು ಹತ್ತಿದರು.

ಒಂದು ಬೆಳಗ್ಗೆ ದೊಡ್ಡಮ್ಮ, "ಆ ಕಾಲು ಮುಂದೆ ಇಡು" ಎಂದರು. ಇಟ್ಟೆ. ಬೈರಾಸು ತಿರುಚಿದರು. ತಣ್ಣನೆಯ ನೀರು ನನ್ನ ಬಲಪಾದದ ಮೇಲೆ ಧಾರೆಯಾಗಿ ಸುರಿಯಿತು.

"ಇನ್ನು ಅದಕ್ಕೆ ನಡೆಯೋ ಕೆಲ್ಸ ಒಂದು ಸಾಕು," ಎಂದರು. "ಮಧ್ಯಾಹ್ನ ಅಡಿಕೆ ಸುಲಿಯಕ್ಕೆ ಬಾ."