ಹನ್ನೊಂದನೇ ಪುಟ

ನಮ್ಮ ಚಿಕ್ಕಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಬೆಡ್‌ಶೀಟು ಮಡಚಿದವಳು. ಅಂಚಿನಲ್ಲಿ ಕೆಂಪು ನೂಲಿದ್ದರೆ ಮಕ್ಕಳ ವಾರ್ಡು, ನೀಲಿಯಿದ್ದರೆ ಆಪರೇಷನ್ ಕೋಣೆ. ಅಕ್ಷರ ಬಾರದವರಿಗೆಂದು ಮಾಡಿದ್ದ ಆ ಗುರುತಿನಲ್ಲಿ ಅವಳು ಒಂದು ದಿನವೂ ತಪ್ಪಲಿಲ್ಲ.

ಓದುವುದೇನಿದ್ದರೂ ಚಿಕ್ಕಪ್ಪನ ಪಾಲು. ಅದೇ ಆಸ್ಪತ್ರೆಯ ಲಿಫ್ಟ್ ನಡೆಸುತ್ತಿದ್ದ. ದಿನಾ ಬೆಳಿಗ್ಗೆ ಅವಳು ತರಕಾರಿ ಹೆಚ್ಚುವಾಗ ಜಾಹೀರಾತನ್ನೂ ಬಿಡದೆ ಪೇಪರ್ ಗಟ್ಟಿಯಾಗಿ ಓದಿ ಹೇಳುತ್ತಿದ್ದ. “ನೀನೂ ಕಲಿಯೇ” ಅಂದರೆ, “ನೀವಿರೋವಾಗ ನಂಗ್ಯಾಕೆ ಆ ತಲೆನೋವು?” ಅನ್ನುತ್ತಿದ್ದಳು. ಅವನು ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು. ಐವತ್ತೆರಡನೇ ವಯಸ್ಸಿನಲ್ಲಿ ಚಿಕ್ಕಮ್ಮ ಸ್ಲೇಟು ಹಿಡಿದಳು.

ಕಲಿಸಿದ್ದು ಒಂದು ಸೇವಾಸಂಸ್ಥೆಯ ಟೀಚರ್. ವಾರಕ್ಕೆ ಮೂರು ಸಂಜೆ, ಪುಕ್ಕಟೆ, ಕೈ ಹಿಡಿದು ತಿದ್ದಿಸುತ್ತಿದ್ದಳು. ಸುಳ್ಳೇಕೆ ಹೇಳಲಿ, ಆ ಹುಡುಗಿಯ ತಾಳ್ಮೆ ನನಗಿಲ್ಲ. ನಾನು ಕಲಿಸಲು ಕೂತಾಗ ಎರಡೇ ದಿನಕ್ಕೆ ಜಗಳವಾಗಿತ್ತು. ಚಿಕ್ಕಮ್ಮನಿಗೆ ಅವಳೆಂದರೆ ಪ್ರಾಣ. ಚಿಕ್ಕಪ್ಪನ ಕಥೆಯನ್ನೆಲ್ಲ, ಆ ಜಾಹೀರಾತುಗಳ ಸಮೇತ, ಅವಳ ಮುಂದೆ ಹೇಳಿಕೊಂಡಿದ್ದಳು.

ವರ್ಷ ತುಂಬಿದಾಗ ಸಂಸ್ಥೆಯವರು ದಾನಿಗಳಿಗಾಗಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಹನ್ನೊಂದನೇ ಪುಟದಲ್ಲಿ ಚಿಕ್ಕಮ್ಮನ ಫೋಟೊ. “ಎಷ್ಟು ಚೆನ್ನಾಗಿ ಬಂದಿದೆ ನೋಡಿ ಅಮ್ಮಾ” ಎಂದು ಟೀಚರೇ ಒಂದು ಪ್ರತಿ ಕೊಟ್ಟಳು. ಚಿಕ್ಕಮ್ಮ ಅದನ್ನು ಮನೆಗೆ ತಂದು, ಚಿಕ್ಕಪ್ಪನ ಕುರ್ಚಿಯಲ್ಲಿ ಕೂತು, ಫೋಟೊದ ಕೆಳಗಿದ್ದುದನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದಳು.

“ಗಂಡ... ಕುಡುಕ. ಪುಸ್ತಕ ಮುಟ್ಟಿದರೆ... ಹೊಡೆಯುತ್ತಿದ್ದ.”

ಮತ್ತೊಮ್ಮೆ ಓದಿದಳು. ಆಮೇಲೆ ನನ್ನ ಕೈಗೆ ಕೊಟ್ಟು, “ನೀನು ಓದು. ನಾನೆಲ್ಲೋ ತಪ್ಪಿರಬೇಕು” ಅಂದಳು.

ಅವಳು ತಪ್ಪಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಚಹಾ ಬಿಟ್ಟು ಬೇರೇನೂ ಕುಡಿಯದ ಮನುಷ್ಯ!

ಮರುದಿನ ಸಂಜೆ ಇಬ್ಬರೂ ಹೋದೆವು. ಚಿಕ್ಕಮ್ಮ ಆ ಪುಟ ತೆರೆದು ಮೇಜಿನ ಮೇಲಿಟ್ಟಳು. ಟೀಚರ್ ಮುಖ ಕಪ್ಪಿಟ್ಟಿತು.

“ದಾನಿಗಳ ಮನಸ್ಸು ಕರಗಬೇಕಲ್ಲಮ್ಮಾ... ಇನ್ನೂ ನಲವತ್ತು ಜನ ಕಲೀಬೇಕು. ಹೆಸರಂತೂ ಹಾಕಿಲ್ಲ.”

“ಮುಖ ಹಾಕಿದೀರಲ್ಲ! ಸತ್ತೋರು ಎದ್ದು ಬಂದು ಕೇಳಲ್ಲ ಅಂತಾನಾ?” ಎಂದು ನಾನು ಹರಿಹಾಯ್ದೆ.

ಚಿಕ್ಕಮ್ಮ ನನ್ನ ತೋಳು ಹಿಡಿದು ಸುಮ್ಮನಾಗಿಸಿದಳು. ಅವಳ ದನಿ ಏರಲೇ ಇಲ್ಲ.

“ಇದನ್ನ ನನ್ನ ಕೈಗೇ ಕೊಟ್ಯಲ್ಲ ತಾಯೀ. ಒಂದು ವರ್ಷ ನೀನೇ ಕಲಿಸ್ದೆ. ನಾನು ಓದಿಬಿಡ್ತೀನಿ ಅಂತ ನಿಂಗೆ ಒಂದು ಸಲವೂ ಅನ್ನಿಸ್ಲಿಲ್ವಾ?”