ದೊಡ್ಡಪ್ಪ ಇಳಿಯುವ ತಿರುವು

ಗೆಳೆಯರೇ, ಇವತ್ತು ಆ ತಿರುವಿನಲ್ಲಿ ನಾನು ಸ್ಕೂಟರ್ ನಿಲ್ಲಿಸಲಿಲ್ಲ.

ಹುಲೇಕಲ್‌ನಿಂದ ಶಿರಸಿಗೆ ಕೆಲಸಕ್ಕೆ ಹೊರಟಾಗೆಲ್ಲ ಪಕ್ಕದ ಮನೆಯ ದೊಡ್ಡಪ್ಪ ಹಿಂದೆ ಹತ್ತುತ್ತಾರೆ. ದಾರಿಯುದ್ದಕ್ಕೂ ‘ಬ್ರೇಕ್ ಹಿಡಿ’, ‘ಹಾರ್ನ್ ಹಾಕು’ ಎಂಬ ಅಪ್ಪಣೆ. ಪೇಟೆ ಇನ್ನೇನು ಬಂತು ಎನ್ನುವಾಗ ತಿರುವಿನಲ್ಲಿ ಇಳಿದು ಅಡಿಕೆ ಸೊಸೈಟಿಗೆ ನಡೆದು ಹೋಗುತ್ತಾರೆ; ಸಂಜೆ ಮರಳುವಾಗಲೂ ಅದೇ ತಿರುವಿನಲ್ಲಿ ಕಾದು ಹತ್ತುತ್ತಾರೆ. ಯಾಕೆಂದು ನಾನು ಕೇಳಿರಲಿಲ್ಲ. ಇವತ್ತು ಅವರೇ ಹೇಳಿದರು: “ಇಲ್ಲೇ ನಿಲ್ಸು ತಂಗಿ. ಹೆಣ್ಣು ಕೂಸಿನ ಹಿಂದೆ ಕೂತ್ಕಂಡು ಬಂದ ಹೇಳಿ ಎಲ್ಲ ನಗ್ಯಾಡ್ತ.”

ನನಗೆ ಎದುರು ಮಾತಾಡಲು ಬರುವುದಿಲ್ಲ. ಆದರೆ ಎಕ್ಸಲರೇಟರ್ ನನ್ನ ಕೈಯಲ್ಲಿತ್ತು. “ನಿಲ್ಸೇ ಮಾರಾಯ್ತಿ!” ಎಂದು ಕೂಗುತ್ತಿದ್ದವರನ್ನು ನೇರ ಸೊಸೈಟಿಯ ಬಾಗಿಲಿಗೆ, ಅವರ ಗೆಳೆಯರು ಎಲೆಯಡಿಕೆಯ ಕವಳ ಹಾಕುತ್ತ ಕುಳಿತಿದ್ದ ಕಟ್ಟೆಯ ಎದುರಿಗೇ ತಂದು ನಿಲ್ಲಿಸಿದೆ.

ಕಟ್ಟೆಯವರೆಲ್ಲ ತಿರುಗಿ ನೋಡಿದರು. ದೊಡ್ಡಪ್ಪ ಪಂಚೆ ಸರಿಮಾಡುತ್ತ ನೆಲ ನೋಡಿದರು. ಅಷ್ಟರಲ್ಲಿ ಗೆಳೆಯರಲ್ಲೊಬ್ಬರು ನನ್ನನ್ನೇ ಕೇಳಿದರು: “ತಂಗಿ, ಸಂಜೆ ಹೋಗಕಾರೆ ಯನ್ನೂ ಹುಲೇಕಲ್‌ವರೆಗೆ ಬಿಡ್ತ್ಯಾ? ಬಸ್ಸಿಗೆ ಕಾದು ಸಾಕಾತು.”

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಸಿಡುಕಿದರು: “ಆಗ್ತಿಲ್ಲೆ! ಅದು ಯನ್ನ ಜಾಗ.”

ಸರಿ, ಜಾಗ ಅವರದೇ ಇರಲಿ. ಆದರೆ ಇನ್ನು ಮುಂದೆ ಬೆಳಿಗ್ಗೆ ಇಳಿಯುವುದೂ ಸಂಜೆ ಹತ್ತುವುದೂ ಆ ಕಟ್ಟೆಯ ಎದುರಿಗೇ.